ಬಾವಿ ಎಲ್ಲಿರಬೇಕು?

ಬಾಯಾರಿದಾಗ ಬಾವಿ ತೋಡಬಾರದು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬಾವಿಯನ್ನು ಯಾವಾಗ ತೋಡಬೇಕೆಂಬುದನ್ನು ಅದು ಹೇಳುತ್ತದೆ. ಎಲ್ಲಿ ತೋಡಬೇಕೆಂಬುದನ್ನು ಹೇಳುವುದಿಲ್ಲ. ಅದೇನು ಕೇಳುವ ಮಾತೇ, ನೀರಿದ್ದ ಕಡೆ ತೋಡಬೇಕು ಎಂದು ಯಾರಾದರೂ ಥಟ್ಟನೆ ಉತ್ತರ ಕೊಟ್ಟಾರು. ಉತ್ತರ ತಪ್ಪಲ್ಲ, ಆದರೆ ಅರ್ಧ. ನೀರು ಎಲ್ಲಿದೆ ಎಂಬುದು ಭೂವಿಜ್ಞಾನದ ಪ್ರಶ್ನೆ. ಆ ನೀರನ್ನು ಯಾರ ನೆಲದಲ್ಲಿ, ಯಾರ ಮನೆಗೆ ಹತ್ತಿರವಾಗಿ ಮೇಲಕ್ಕೆ ತರಬೇಕು ಎಂಬುದು ಧರ್ಮದ ಪ್ರಶ್ನೆ. ಮೊದಲನೆಯದಕ್ಕೆ ಯಂತ್ರಗಳಿವೆ. ಎರಡನೆಯದಕ್ಕೆ ಮನುಷ್ಯರೇ ಕೂತು ಯೋಚಿಸಬೇಕು.

ಪುಣೆಯಂಥ ಊರಿನಲ್ಲಿ ನಲ್ಲಿ ತಿರುಗಿಸಿ ನೀರು ಹಿಡಿಯುವ ನಮಗೆ ಈ ಜಿಜ್ಞಾಸೆ ಏಕೆ ಎಂದು ವಾಚಕರು ಕೇಳಬಹುದು. ನಮ್ಮಲ್ಲಿ ಅನೇಕರ ಬೇರು ವಿಜಯಪುರ, ಕಲಬುರ್ಗಿ, ಬೀದರ, ಬಾಗಲಕೋಟೆಗಳ ಒಣ ನೆಲದಲ್ಲಿದೆ. ಜಾತ್ರೆಗೋ ಲಗ್ನಕ್ಕೋ ಊರಿಗೆ ಹೋದಾಗ ಹಿರಿಯರು ಕಟ್ಟೆಯ ಮೇಲೆ ಕೂರಿಸಿಕೊಂಡು, "ನೌಕರಿ ಮಾಡೋ ಮಂದಿ ನೀವೆಲ್ಲಾ ಕೂಡಿ ಊರಿಗೊಂದು ಬೋರ್ ಹಾಕಿಸಿಕೊಡ್ರಿ" ಎನ್ನುತ್ತಾರೆ. ನಾವೂ ವಂತಿಗೆ ಕೂಡಿಸುತ್ತೇವೆ, ಹಣ ಕಳಿಸುತ್ತೇವೆ, ಪುಣ್ಯದ ಕೆಲಸವಾಯಿತೆಂದು ಸಮಾಧಾನಪಡುತ್ತೇವೆ. ಆ ಹಣ ಯಾವ ಸರ್ವೆ ನಂಬರಿನ ನೆಲದೊಳಗೆ ಇಳಿಯಿತೆಂದು ವಿಚಾರಿಸುವವರು ಕಡಿಮೆ. ಕೊಡುವವನ ಹೊಣೆ ನೋಟು ಎಣಿಸಿಕೊಟ್ಟಲ್ಲಿಗೆ ಮುಗಿಯುತ್ತದೆಯೇ? ಮುಗಿಯುವುದಿಲ್ಲವೆಂದು ನನಗೆ ತೋರುತ್ತದೆ. ಅದಕ್ಕೇ ಈ ಬರಹ.

ನಾನು ಓದಿದ್ದು ವಿಜ್ಞಾನ, ಹೊಟ್ಟೆಪಾಡಿಗೆ ಮಾಡುವುದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಗಿರಿ. ಆದ್ದರಿಂದ ಮೊದಲು ಕಲ್ಲಿನ ಮಾತು, ಆಮೇಲೆ ಕಾಗದದ ಮಾತು.

ಪುಣೆಯಿಂದ ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಹೋಗುವ ದಾರಿಯುದ್ದಕ್ಕೂ ನಮ್ಮ ಕಾಲ ಕೆಳಗಿರುವುದು ಒಂದೇ ಜಾತಿಯ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾರಸ ಪದರ ಪದರವಾಗಿ ಹರಡಿ ಆರಿ ಗಟ್ಟಿಯಾದ ಕಪ್ಪು ಕಲ್ಲು ಅದು. ಬಸಾಲ್ಟ್ ಎಂದು ಅದರ ಹೆಸರು. ಮಹಾರಾಷ್ಟ್ರದ ಬಹುಭಾಗವನ್ನೂ ನಮ್ಮ ಉತ್ತರದ ಜಿಲ್ಲೆಗಳನ್ನೂ ಸೇರಿಸಿ ಸುಮಾರು 5 ಲಕ್ಷ ಚದರ ಕಿಲೊಮೀಟರ್ ನೆಲವನ್ನು ಈ ಕಲ್ಲು ಹೊದ್ದುಕೊಂಡಿದೆ. ಒಂದೊಂದು ಪದರದ ನಡುಭಾಗ ಬಹಳ ಗಟ್ಟಿ. ಅಲ್ಲಿ ನೀರಿಗೆ ಎಡೆಯಿಲ್ಲ. ಪದರದ ಮೇಲ್ಭಾಗದಲ್ಲಿ ಅನಿಲ ಹೊರಟುಹೋದಾಗ ಉಳಿದ ಗುಳ್ಳೆಯಂಥ ತೂತುಗಳು, ಬಿಸಿಲು ಮಳೆಗೆ ಸವೆದು ಮೆತ್ತಗಾದ ಕಲ್ಲು, ಲಾವಾ ಆರುವಾಗ ಬಿಟ್ಟ ಸೀಳುಗಳು, ಇವೇ ನೀರಿನ ಮನೆಗಳು. ದಕ್ಷಿಣದ ಕೋಲಾರದ ಕಡೆ ಅಥವಾ ತೆಲಂಗಾಣದಲ್ಲಿ ಕಲ್ಲು ಬೇರೆ, ಗ್ರಾನೈಟ್ ಮತ್ತು ನೈಸ್. ಅಲ್ಲೂ ನೀರು ಸವೆದ ಕಲ್ಲಿನಲ್ಲಿ, ಬಿರುಕಿನಲ್ಲಿ ಇರುತ್ತದೆ. ನೆಲದೊಳಗೆ ಗಂಗೆ ನದಿಯಂತೆ ಹರಿಯುತ್ತಾಳೆ, ಕೊರೆದಲ್ಲೆಲ್ಲ ಚಿಮ್ಮುತ್ತಾಳೆ ಎಂಬುದು ಈ ಸೀಮೆಗೆ ಹೊಂದುವ ಮಾತಲ್ಲ. ಹತ್ತು ಮಾರು ಆಚೆ ಕೊರೆದರೆ ನೀರು, ಈಚೆ ಕೊರೆದರೆ ಬರೀ ಧೂಳು ಎಂಬುದು ಊರಿನವರು ದಿನವೂ ಕಾಣುವ ಸತ್ಯ.

ಭೂವಿಜ್ಞಾನಿ ಬಂದಾಗ ಏನು ಮಾಡುತ್ತಾನೆ? ಮೊದಲು ಇಡೀ ಊರಿನ ಇಳಿಜಾರು ನೋಡುತ್ತಾನೆ. ಹಳ್ಳಕೊಳ್ಳಗಳು ಯಾವ ಗೆರೆಯಲ್ಲಿ ಸಾಗಿವೆ, ಇರುವ ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ವಿಚಾರಿಸುತ್ತಾನೆ. ಆಮೇಲೆ ನೆಲದಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವೆ ಅಳೆದು, ನೆಲ ಆ ವಿದ್ಯುತ್ತಿಗೆ ಎಷ್ಟು ಅಡ್ಡಿ ಮಾಡುತ್ತದೆಂದು ಲೆಕ್ಕ ಹಾಕುತ್ತಾನೆ. ಗೂಟಗಳ ಅಂತರ ಹೆಚ್ಚಿಸಿದಂತೆ ಹೆಚ್ಚು ಆಳದ ಸುದ್ದಿ ತಿಳಿಯುತ್ತದೆ. ಗಟ್ಟಿ ಒಣಕಲ್ಲು ಹೆಚ್ಚು ಅಡ್ಡಿ ಮಾಡುತ್ತದೆ, ನೀರು ತುಂಬಿದ ಸವೆದ ಕಲ್ಲು ಕಡಿಮೆ. ಆದರೆ ಜೇಡಿಮಣ್ಣೂ ಸವಳು ನೀರೂ ಕಡಿಮೆ ಅಡ್ಡಿಯನ್ನೇ ತೋರಿಸುತ್ತವೆ. ಆದ್ದರಿಂದ ಪ್ರಾಮಾಣಿಕನಾದ ಭೂವಿಜ್ಞಾನಿ "ಇಲ್ಲಿ ನೀರು ಸಿಗುವ ಸಂಭವ ಹೆಚ್ಚು" ಎನ್ನುತ್ತಾನೆಯೇ ಹೊರತು "ಇಲ್ಲಿ ನೀರಿದೆ" ಎನ್ನುವುದಿಲ್ಲ.

ಊರಿನ ಜನಕ್ಕೆ ಈ "ಸಂಭವ" ರುಚಿಸುವುದಿಲ್ಲ. ಅವರಿಗೆ ಬೇಕಾದದ್ದು ಖಾತ್ರಿ. ಅದನ್ನು ಕೊಡುವವನು ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಇಲ್ಲವೇ ಬೇವಿನ ಕವಲುಕಡ್ಡಿ ಹಿಡಿದು ಹೊಲದಲ್ಲಿ ನಡೆಯುವ ನೀರು ನೋಡುವವನು. ಅವನನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆರನೆಯ ಶತಮಾನದ ವರಾಹಮಿಹಿರನೇ ತನ್ನ ಬೃಹತ್ಸಂಹಿತೆಯಲ್ಲಿ ನೀರು ಹುಡುಕುವ ಬಗೆಗೆ ಒಂದು ಅಧ್ಯಾಯವನ್ನು ಮೀಸಲಿಟ್ಟು, ಮರಗಳನ್ನೂ ಹುತ್ತಗಳನ್ನೂ ಗುರುತಾಗಿ ಹೇಳಿದ್ದಾನೆ. ಹಸಿರು ಮರ, ಗೆದ್ದಲು ಕಟ್ಟಿದ ಹುತ್ತ ಇವು ನೆಲದೊಳಗಿನ ತೇವದ ಸುಳಿವಾಗಬಹುದೆಂಬುದರಲ್ಲಿ ಅರ್ಥವಿದೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದು ಸಾವಿರ ಹೊಲ ತುಳಿದವನ ಕಣ್ಣಿಗೆ ಇಂಥ ಸುಳಿವು ಕಾಣುತ್ತದೆ. ತೆಂಗಿನಕಾಯಿ ಎದ್ದು ನಿಲ್ಲುವುದರಲ್ಲಿ ಮಾತ್ರ ಆ ಅರ್ಥ ನನಗೆ ಕಾಣದು.

ಇಲ್ಲಿ ಮೊದಲನೆಯ ನೈತಿಕ ಪ್ರಶ್ನೆ ಏಳುತ್ತದೆ. ಕೊರೆದ ಮೇಲೆ ನೀರು ಬಾರದಿದ್ದರೆ ನಷ್ಟ ಯಾರದು? ಜಾಗ ತೋರಿಸಿದವನು ತನ್ನ ದಕ್ಷಿಣೆ ಪಡೆದು ಹೋಗಿರುತ್ತಾನೆ, ಅವನ ಕೈಯಲ್ಲಿದ್ದದ್ದು ಕಾಯಿಯಾಗಲಿ ಯಂತ್ರವಾಗಲಿ. ಕೊರೆಯುವ ಲಾರಿಯವನು ಅಡಿಗಿಷ್ಟು ಎಂದು ಲೆಕ್ಕ ಮಾಡಿ ಹಣ ಎಣಿಸಿಕೊಳ್ಳುತ್ತಾನೆ. ನೀರಿಲ್ಲದ ಅಡಿಗೂ ಅದೇ ದರ. ಸಾಲ ಉಳಿಯುವುದು ರೈತನ ತಲೆಯ ಮೇಲೆ. ಹೀಗಿರುವಾಗ ಇನ್ನೊಬ್ಬನ ಹಣದಲ್ಲಿ ನಡೆಯುವ ಕೆಲಸಕ್ಕೆ ತನಗಿಲ್ಲದ ಖಾತ್ರಿಯನ್ನು ಕೊಡುವುದು ಸುಳ್ಳು ಸಾಕ್ಷಿ ಹೇಳಿದಷ್ಟೇ ದೋಷವೆಂದು ನನ್ನ ಅಭಿಪ್ರಾಯ. "ಸಿಗಬಹುದು, ಸಿಗದೆಯೂ ಇರಬಹುದು, ಹೋದರೆ ಇಷ್ಟು ಹೋಗುತ್ತದೆ" ಎಂದು ಮೊದಲೇ ಹೇಳುವವನಿಗೆ ಊರಿನಲ್ಲಿ ಮರ್ಯಾದೆ ಕಡಿಮೆ ಸಿಗಬಹುದು. ಆದರೆ ಊರಿನ ಹಿತೈಷಿ ಅವನೇ.

ಇರಲಿ, ಯಂತ್ರದವನು ಪ್ರಾಮಾಣಿಕನೆಂದೇ ಇಟ್ಟುಕೊಂಡು ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಹಣ ಇರುವುದು ಒಂದೇ ಬೋರಿಗೆ. ಅವನು ಮೂರು ಗುರುತು ಹಾಕಿಕೊಟ್ಟಿದ್ದಾನೆ. ಒಂದನೆಯದು ಹಳ್ಳದ ಪಕ್ಕ, ಊರ ಗೌಡರ ಹೊಲದಲ್ಲಿ. ಅಲ್ಲಿ ನೀರು ಸಮೃದ್ಧ. ಎರಡನೆಯದು ಊರ ನಡುವೆ ಗುಡಿಯ ಮುಂದೆ; ಅಲ್ಲಿ ಮಧ್ಯಮ. ಮೂರನೆಯದು ದಲಿತರ ಕೇರಿಗೆ ಹೊಂದಿಕೊಂಡ ಗಾಯರಾಣ ಜಾಗದಲ್ಲಿ. ಅಲ್ಲಿ ಸಿಗುವುದು ಸಾಧಾರಣ. ಯಾವುದನ್ನು ಆರಿಸಬೇಕು?

ಗೌಡರ ಹೊಲವನ್ನು ಆರಿಸುವವರ ವಾದ ಹುರುಳಿಲ್ಲದ್ದಲ್ಲ. ಹೆಚ್ಚು ನೀರು ಸಿಕ್ಕರೆ ಹೆಚ್ಚು ಜನಕ್ಕೆ ಸಿಗುತ್ತದೆ. ಸಾಧಾರಣ ಬೋರು ಚೈತ್ರ ವೈಶಾಖದಲ್ಲಿ ಬತ್ತಿದರೆ ಕೇರಿಯವರಿಗೂ ಇಲ್ಲ, ಊರಿಗೂ ಇಲ್ಲ. ಗೌಡರು ಒಳ್ಳೆಯವರು, ಯಾರಿಗೂ ಇಲ್ಲವೆನ್ನುವವರಲ್ಲ. ಇದು ಅವರ ಮಾತು. ಬಹುಜನ ಹಿತವೆಂಬ ತೂಕದಲ್ಲಿ ಅಳೆದರೆ ಮೊದಲನೆಯ ಜಾಗವೇ ಗೆಲ್ಲುವಂತೆ ಕಾಣುತ್ತದೆ.

ಈಗ ಲೆಕ್ಕ ಮಾಡಿ ನೋಡೋಣ. ಗ್ರಾಮೀಣ ನೀರು ಸರಬರಾಜಿನ ಕೇಂದ್ರ ಯೋಜನೆ 1972-73ರಲ್ಲಿ ಆರಂಭವಾಯಿತು. ಅದರಲ್ಲಿ ಬಹುಕಾಲ ನಡೆದುಬಂದ ಅಳತೆ ಒಬ್ಬರಿಗೆ ದಿನಕ್ಕೆ 40 ಲೀಟರ್, 250 ಜನಕ್ಕೆ ಒಂದು ಕೈಪಂಪು. 250 ಜನಕ್ಕೆ ದಿನಕ್ಕೆ ಬೇಕಾದದ್ದು 10,000 ಲೀಟರ್. ಗಂಟೆಗೆ 1,000 ಲೀಟರ್ ಕೊಡುವ ಬೋರು ಹತ್ತು ಗಂಟೆಯಲ್ಲಿ ಅಷ್ಟನ್ನೂ ಕೊಟ್ಟೀತು. ಅಂದರೆ "ಸಾಧಾರಣ" ಎಂದು ನಾವು ಪಕ್ಕಕ್ಕೆ ಸರಿಸುವ ಬೋರು ಕುಡಿಯುವ ನೀರಿಗೆ ಸಾಧಾರಣವಲ್ಲ, ಸಾಕಷ್ಟು. ಸಮೃದ್ಧ ನೀರು ಅವಶ್ಯವಾಗುವುದು ಕಬ್ಬಿಗೆ, ಕೊಡಕ್ಕಲ್ಲ. ಯಾವುದಕ್ಕೆ ಸಾಲದು ಎಂದು ಕೇಳದೆ ಜಾಗಗಳನ್ನು ಒಂದು ಎರಡು ಮೂರು ಎಂದು ಸಾಲಿನಲ್ಲಿ ನಿಲ್ಲಿಸಿದರೆ, ಆ ಸಾಲಿನೊಳಗೇ ಹೊಲವಿದ್ದವನ ಹಿತ ನುಸುಳಿಕೊಂಡಿರುತ್ತದೆ.

ಇನ್ನೊಂದು ಲೆಕ್ಕ ದೂರದ್ದು. ಬಯಲುಸೀಮೆಯಲ್ಲಿ 1.6 ಕಿಲೊಮೀಟರಿನೊಳಗೆ ನೀರಿಲ್ಲದ ಊರನ್ನು ಸಮಸ್ಯೆಯ ಊರೆಂದು ಸರ್ಕಾರ ಆಗ ಗಣಿಸುತ್ತಿತ್ತು. ಅಷ್ಟರೊಳಗೆ ಇದ್ದರೆ ಕಾಗದದಲ್ಲಿ ಸಮಸ್ಯೆ ಇಲ್ಲ. ಐದು ಜನರ ಸಂಸಾರಕ್ಕೆ 200 ಲೀಟರ್ ಬೇಕು. ತಲೆಯ ಮೇಲೊಂದು ಸೊಂಟದಲ್ಲೊಂದು, ಹದಿನೈದು ಹದಿನೈದು ಲೀಟರಿನ ಎರಡು ಕೊಡ ಹೊತ್ತರೂ ಏಳು ಸಲ ಹೋಗಿಬರಬೇಕು. ನೀರು 1.6 ಕಿಲೊಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ 3.2, ಏಳು ಸಲಕ್ಕೆ 22 ಕಿಲೊಮೀಟರಿಗೂ ಹೆಚ್ಚು. ಯಾವ ಹೆಣ್ಣುಮಗಳೂ ದಿನಾಲೂ ಅಷ್ಟು ನಡೆಯಲಾರಳು. ಆದ್ದರಿಂದ ಆ ಮನೆಗೆ 200 ಲೀಟರ್ ಸೇರುವುದೇ ಇಲ್ಲ. ಬೋರಿನ ಬಾಯಲ್ಲಿ ಎಷ್ಟು ಬಂತು ಎಂಬುದು ಒಂದು ಅಂಕಿ, ಕೊನೆಯ ಮನೆಯ ಹಂಡೆಗೆ ಎಷ್ಟು ಬಿತ್ತು ಎಂಬುದು ಬೇರೆಯೇ ಅಂಕಿ. ಬಹುಜನ ಹಿತವನ್ನು ಅಳೆಯಬೇಕಾದದ್ದು ಹಂಡೆಯಲ್ಲಿ.

ದೂರವೆಂದರೆ ಗಜ ಮೈಲಿಯ ದೂರ ಮಾತ್ರವೂ ಅಲ್ಲ. ಇಂಥದೇ ಚರ್ಚೆ ನಡೆದಾಗ ನಮ್ಮ ದೊಡ್ಡವ್ವ ಒಮ್ಮೆ ಅಂದದ್ದು ನನ್ನ ನೆನಪಿನಲ್ಲಿದೆ: "ನೀರು ಸಿಹಿನೋ ಸವಳೋ ಆಮ್ಯಾಲ ನೋಡೂಣು. ಯಾರ ಅಂಗಳಾ ದಾಟಿ ತರಬೇಕು, ಅದನ್ನ ಮೊದಲ ಹೇಳಪಾ ತಮ್ಮಾ." ಗೌಡರು ಒಳ್ಳೆಯವರಿರಬಹುದು. ಅವರ ಮಗ? ಅವರ ಆಳು? ಚುನಾವಣೆಯಲ್ಲಿ ಕೇರಿಯವರು ಬೇರೆ ಕಡೆ ಓಟು ಹಾಕಿದ ಮರುದಿನ? ಇನ್ನೊಬ್ಬರ ಒಳ್ಳೆಯತನವನ್ನು ನೆಚ್ಚಿ ಕುಡಿಯುವ ನೀರು ಎಷ್ಟೇ ಸಿಹಿಯಾಗಿದ್ದರೂ ಅದು ಭಿಕ್ಷೆ. ಕೇಳದೆ ತರಬಹುದಾದ ನೀರೇ ಹಕ್ಕಿನ ನೀರು.

ಈ ವ್ಯತ್ಯಾಸವನ್ನು ದೇಶಕ್ಕೆ ಕಲಿಸಿದ ಊರು ನಾವಿರುವ ಈ ಮಹಾರಾಷ್ಟ್ರದಲ್ಲೇ ಇದೆ. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಸಭೆ 1923ರಲ್ಲಿ ನಿರ್ಣಯಿಸಿತು. ಮಹಾಡದ ಪುರಸಭೆಯೂ ತನ್ನ ಚವದಾರ ಕೆರೆಯ ವಿಷಯದಲ್ಲಿ ಅದಕ್ಕೆ ಒಪ್ಪಿತು. ಕಾಗದ ಸರಿಯಾಗಿತ್ತು, ಆದರೆ ಒಂದು ಬೊಗಸೆ ನೀರೂ ಕದಲಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಆ ಕೆರೆಯ ನೀರನ್ನು ಕುಡಿದರು. ಮುಂದೆ ಕೋರ್ಟಿನ ವ್ಯಾಜ್ಯ ನಡೆದು ಮುಂಬಯಿ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟದ್ದು 1937ರಲ್ಲಿ. ಇದ್ದ ನೀರನ್ನು ಮುಟ್ಟಲು, ನಿರ್ಣಯದಿಂದ ತೀರ್ಪಿನವರೆಗೆ ಹದಿನಾಲ್ಕು ವರ್ಷ! ನೀರಿನ ಜಾಗ ಒಮ್ಮೆ ತಪ್ಪು ಕೈಗೆ ಸೇರಿದರೆ ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ನಮ್ಮ ಜನಪದದಲ್ಲೂ ಇದರ ಅರಿವಿದೆ. "ಕೆರೆಗೆ ಹಾರ" ಎಂಬ ಕಥನಗೀತೆಯನ್ನು ಕೇಳದ ಕನ್ನಡಿಗರು ವಿರಳ. ಗೌಡನು ತೋಡಿಸಿದ ಕೆರೆಗೆ ನೀರು ಬರಲಿಲ್ಲ. ಬಲಿ ಕೊಡಬೇಕೆಂದು ಶಾಸ್ತ್ರ ಹೇಳಿತು. ಹಿರಿಯ ಸೊಸೆ ಹೋದರೆ ಮನೆತನ ನೋಡುವವರಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ನಾವು ಅವಳ ತ್ಯಾಗಕ್ಕೆ ಕಣ್ಣೀರು ಹಾಕುತ್ತೇವೆ. ನನಗೆ ಕಾಡುವುದು ಆ ಆಯ್ಕೆ. ಯಾರನ್ನು ಕಳೆದುಕೊಂಡರೆ ನಮಗೆ ಕಡಿಮೆ ತೊಂದರೆ ಎಂದು ಮನೆಯ ಹಿರಿಯರು ಲೆಕ್ಕ ಹಾಕಿದರು. ಮಾತು ಕಡಿಮೆ ನಡೆಯುವವಳ ಪಾಲಿಗೆ ಆ ಲೆಕ್ಕ ಬಂತು. ಇಂದು ನಾವು ಯಾರನ್ನೂ ಬಲಿ ಕೊಡುವುದಿಲ್ಲ. ಆದರೆ ಬಾವಿಯ ಜಾಗ ಆರಿಸುವಾಗ, ಯಾರು ಇನ್ನೂ ಒಂದು ಮೈಲಿ ನಡೆದರೂ ಊರಿಗೆ ತೊಂದರೆಯಿಲ್ಲ ಎಂಬ ಅದೇ ಲೆಕ್ಕ ಬಾಯಿಬಿಡದೆ ನಡೆಯುತ್ತಿರುತ್ತದೆ.

ಹಾಗಾದರೆ ದಾರಿ ಯಾವುದು? ವಿಜ್ಞಾನವನ್ನು ಬದಿಗಿಟ್ಟು ಕೇರಿಯ ಪಕ್ಕದ ಬಂಡೆಯನ್ನೇ ಕೊರೆಯಿರಿ ಎಂದು ನಾನು ಹೇಳುತ್ತಿಲ್ಲ. ಒಣ ಬೋರು ಯಾರ ಬಾಯಾರಿಕೆಯನ್ನೂ ತಣಿಸದು. "ನಿಮಗೂ ಹಾಕಿಸಿದ್ದೆವಲ್ಲ" ಎಂಬ ನೆಪವಾಗಿ ಮಾತ್ರ ಉಳಿಯುತ್ತದೆ. ಬದಲಾಗಬೇಕಾದದ್ದು ಪ್ರಶ್ನೆಗಳ ಕ್ರಮ. ಈಗ ನಾವು ಯಂತ್ರದವನನ್ನು ಮೊದಲು ಕರೆದು, ಅವನು ತೋರಿಸಿದ ಉತ್ತಮ ಜಾಗಕ್ಕೆ ಜನರನ್ನು ನಡೆಸುತ್ತೇವೆ. ಅದರ ಬದಲು, ಊರಿನ ಕೊನೆಯ ಮನೆಯವಳೂ ಯಾರ ಅಪ್ಪಣೆಯಿಲ್ಲದೆ, ದಣಿಯದೆ ತಲುಪಬಹುದಾದ ಜಾಗಗಳೆಲ್ಲ ಸೇರಿ ಒಂದು ವರ್ತುಲವಾಗಲಿ. ಆ ವರ್ತುಲವನ್ನು ಊರಿನವರು ಎಳೆಯಲಿ, ಮುಖ್ಯವಾಗಿ ಕೊಡ ಹೊರುವವರು ಎಳೆಯಲಿ. ಆಮೇಲೆ ಭೂವಿಜ್ಞಾನಿಯನ್ನು ಕರೆದು, ಇದರೊಳಗೆ ಅತ್ಯುತ್ತಮ ಬಿಂದು ಯಾವುದೆಂದು ಕೇಳೋಣ. ಅವನ ವಿದ್ಯೆ ಇದರಿಂದ ಸಣ್ಣದಾಗುವುದಿಲ್ಲ.

ವರ್ತುಲದೊಳಗೆ ನೀರೇ ಇಲ್ಲವೆಂದು ತೋರಿದರೆ? ಆಗ ಗೌಡರ ಹೊಲಕ್ಕೇ ಹೋಗಬೇಕು, ಸಂಶಯವಿಲ್ಲ. ಇಲ್ಲಿ ಗುಮಾಸ್ತನ ಮಾತು ಬರುತ್ತದೆ. ಲಾರಿ ಬರುವ ಮೊದಲೇ ಬೋರಿನ ಸುತ್ತಲ ಜಾಗವೂ ಅಲ್ಲಿಗೆ ಹೋಗುವ ದಾರಿಯೂ ಗ್ರಾಮ ಪಂಚಾಯತಿಯ ಹೆಸರಿಗೆ ನೋಂದಣಿಯಾಗಬೇಕು. ಅಲ್ಲಿಂದ ಕೇರಿಯವರೆಗೆ ಪೈಪು ಎಳೆಯುವ ಖರ್ಚು ಮೊದಲ ಅಂದಾಜಿನಲ್ಲೇ ಸೇರಿರಬೇಕು. ನೀರು ಬಿದ್ದ ಮೇಲೆ ಬರೆಯೋಣವೆಂದರೆ ಆ ಕಾಗದ ಎಂದೂ ಬರೆಯಲ್ಪಡುವುದಿಲ್ಲ. ನಾನು ನೋಡಿದ ತಖ್ತೆಗಳಲ್ಲಿ ಆಳಕ್ಕೆ ಒಂದು ಕಾಲಮ್ಮು, ವ್ಯಾಸಕ್ಕೆ ಒಂದು, ನೀರಿನ ಪ್ರಮಾಣಕ್ಕೆ ಒಂದು ಇರುತ್ತದೆ. ಈ ನೀರನ್ನು ಯಾರು ಯಾರು ಸೇದುತ್ತಾರೆ ಎಂಬುದಕ್ಕೆ ಕಾಲಮ್ಮು ಕಂಡಿಲ್ಲ. ಕಾಲಮ್ಮು ಇಲ್ಲದ ವಿಷಯವನ್ನು ಕಚೇರಿ ಕೇಳುವುದಿಲ್ಲ ಎಂಬುದು ನನ್ನ ವೃತ್ತಿಯ ಅನುಭವ. ನಾವು ಕೊಡುವವರಾದರೂ ಕೇಳಬೇಕು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕಲ್ಲಿನ ಸೀಳಿಗೆ ಸರ್ವೆ ನಂಬರು ಗೊತ್ತಿಲ್ಲ. ಊರಿನ ಕೈಪಂಪಿನ ಪಕ್ಕದ ಹೊಲದವನು ಇನ್ನೂ ಆಳಕ್ಕೆ ಕೊರೆದು ಮೋಟಾರು ಕೂರಿಸಿದರೆ ಊರಿನ ನೀರು ಅವನ ಕಬ್ಬಿಗೆ ಹರಿಯುತ್ತದೆ. 1882ರ ಇಂಡಿಯನ್ ಈಸ್‌ಮೆಂಟ್ಸ್ ಆಕ್ಟು ತನ್ನ ನೆಲದಡಿಯ ನೀರನ್ನು ಸಂಗ್ರಹಿಸಿ ಬಳಸುವ ಹಕ್ಕನ್ನು ನೆಲದ ಒಡೆಯನಿಗೆ ಮಾನ್ಯ ಮಾಡಿತು. ಎತ್ತು ಕಟ್ಟಿ ಕಪಿಲೆ ಹೊಡೆಯುವ ಕಾಲದಲ್ಲಿ ಆ ಹಕ್ಕಿನಿಂದ ದೊಡ್ಡ ಹಾನಿಯಿರಲಿಲ್ಲ. ಎತ್ತಿನ ಶಕ್ತಿಯೇ ಮಿತಿಯಾಗಿತ್ತು. ಮೋಟಾರಿಗೆ ಅಂಥ ಮಿತಿಯಿಲ್ಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದು 1993ರಲ್ಲಿ ಮಹಾರಾಷ್ಟ್ರವೂ 1999ರಲ್ಲಿ ಕರ್ನಾಟಕವೂ ಕಾಯಿದೆ ಮಾಡಿದವು. ಆದರೆ ರಾತ್ರಿ ಬಂದು ಬೆಳಗಾಗುವುದರೊಳಗೆ ಕೊರೆದು ಹೋಗುವ ಲಾರಿಯನ್ನು ಅಳತೆಯ ಟೇಪು ಹಿಡಿದು ತಡೆಯುವವರು ಯಾರು? ಊರೇ ತಡೆಯಬೇಕು.

ಊರು ಮನಸ್ಸು ಮಾಡಿದರೆ ಆಗುತ್ತದೆಂಬುದಕ್ಕೆ ನಿದರ್ಶನ ದೂರವಿಲ್ಲ. ನಮ್ಮ ಪುಣೆ ಜಿಲ್ಲೆಯ ಪುರಂದರ ತಾಲೂಕಿನ ನಾಯಗಾಂವದಲ್ಲಿ 1972ರ ಬರಗಾಲದ ತರುವಾಯ ವಿಲಾಸರಾವ್ ಸಾಳುಂಕೆಯವರು "ಪಾಣಿ ಪಂಚಾಯತ್" ಎಂಬ ಪದ್ಧತಿಯನ್ನು ಹುಟ್ಟುಹಾಕಿದರು. ಅಲ್ಲಿ ನೀರಿನ ಪಾಲು ಹೊಲದ ಎಕರೆಯ ಮೇಲಲ್ಲ, ಮನೆಯಲ್ಲಿರುವ ತಲೆಗಳ ಮೇಲೆ. ತಲೆಗೆ ಅರ್ಧ ಎಕರೆಗೆ ಸಾಲುವಷ್ಟು. ಭೂಮಿಯಿಲ್ಲದವನಿಗೂ ನೀರಿನಲ್ಲಿ ಪಾಲಿತ್ತು, ಕಬ್ಬಿಗೆ ನಿಷೇಧವಿತ್ತು. ಅಹಮದನಗರ ಕಡೆಯ ಹಿವರೆ ಬಾಜಾರ್ ಎಂಬ ಹಳ್ಳಿ ಬೇಸಾಯಕ್ಕೆ ಬೋರ್ ಕೊರೆಯುವುದನ್ನೇ ನಿಲ್ಲಿಸಿ, ಆ ವರ್ಷ ಬಿದ್ದ ಮಳೆಯನ್ನು ಅಳೆದು, ಅದಕ್ಕೆ ತಕ್ಕ ಬೆಳೆಯನ್ನು ಊರಸಭೆಯಲ್ಲೇ ತೀರ್ಮಾನಿಸುವ ರೂಢಿ ಹಾಕಿಕೊಂಡಿತು. ಎರಡೂ ಕಡೆ ಕಲ್ಲು ಅದೇ ಬಸಾಲ್ಟ್. ಬದಲಾದದ್ದು ನೀರು ಯಾರದೆಂಬ ಪ್ರಶ್ನೆಗೆ ಕೊಟ್ಟ ಉತ್ತರ.

2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನು ಪ್ರತಿ ಹಳ್ಳಿಮನೆಗೂ ನಲ್ಲಿಯಲ್ಲಿ ತಲೆಗೆ 55 ಲೀಟರ್ ಎಂಬ ಗುರಿ ಇಟ್ಟುಕೊಂಡಿತು. ಸಂತೋಷ. ಆದರೆ ನಲ್ಲಿ ನೀರನ್ನು ಹುಟ್ಟಿಸುವುದಿಲ್ಲ. ಎಷ್ಟೋ ಊರುಗಳಲ್ಲಿ ಆ ಪೈಪಿನ ಹಿಂದಿನ ತುದಿ ಒಂದು ಬೋರಿನಲ್ಲಿಯೇ ಇರುತ್ತದೆ. ಆ ಬೋರು ಎಲ್ಲಿದೆ, ಕೀಲಿಕೈ ಯಾರ ಸೊಂಟದಲ್ಲಿದೆ, ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಯಾವ ಓಣಿಯ ವಾಲ್ವು ಮೊದಲು ಮುಚ್ಚುತ್ತದೆ ಎಂಬ ಪ್ರಶ್ನೆಗಳು ಹಾಗೆಯೇ ನಿಂತಿವೆ.

ಮುಂದಿನ ಸಲ ಊರಿನಿಂದ ವಂತಿಗೆಯ ಕರೆ ಬಂದಾಗ ಇಲ್ಲವೆನ್ನುವುದು ಬೇಡ. ಜಾಗದ ಉತಾರವನ್ನು ತರಿಸಿ ನೋಡೋಣ. ಜಾಗ ಆರಿಸಿದ ಸಭೆಯಲ್ಲಿ ನೀರು ಹೊರುವ ಹೆಣ್ಣುಮಕ್ಕಳು ಎಷ್ಟು ಜನ ಕೂತಿದ್ದರು, ಕೇರಿಯವರು ಯಾರು ಬಂದಿದ್ದರು ಎಂದು ಕೇಳೋಣ. ಬೋರು ಸೋತರೆ ಏನು ಮಾಡುವುದೆಂದು ಮೊದಲೇ ಮಾತಾಡಿಕೊಳ್ಳೋಣ. ಕೆಲವರಿಗೆ ಬೇಸರವಾದೀತು, ದಾನ ಕೊಡುವವನಿಗೆ ಇಷ್ಟೊಂದು ವಿಚಾರಣೆ ಏಕೆಂದು ಗೊಣಗಿಯಾರು. ಗೊಣಗಲಿ. ಕಟ್ಟೆಯ ಕಲ್ಲಿನ ಮೇಲೆ ದಾನಿಗಳ ಹೆಸರು ಕೊರೆಸುವ ಖರ್ಚು ಉಳಿದರೆ, ಅದರಲ್ಲಿ ಕೊನೆಯ ಮನೆಯ ಕಡೆಗೆ ಇನ್ನು ನಾಲ್ಕು ಮಾರು ಪೈಪು ಎಳೆಸಬಹುದು.